ತಾಯಿಯ ಕೈಗೆ ಕೊಟ್ಟ ಹಣ: ಉಮರ್(ರ)ರ ದೀವಾನ್‌ನಿಂದ ಝಾತರಿ ಶಿಬಿರದವರೆಗೆ

ರಂಝಾನ್ ಹತ್ತಿರ ಬಂದಂತೆ ನಮ್ಮ ಜಮಾಅತ್‌ಗಳಲ್ಲಿ ಕಿಟ್‌ಗಳ ಲೆಕ್ಕಾಚಾರ ಶುರುವಾಗುತ್ತದೆ. ಎಷ್ಟು ಕಿಲೋ ಅಕ್ಕಿ, ಎಷ್ಟು ಎಣ್ಣೆ, ಎಷ್ಟು ಖರ್ಜೂರ ಎಂದು ಪಟ್ಟಿ ಬರೆಯುತ್ತೇವೆ. ಕಿಟ್ಟಿನ ಬದಲು ಹಣವನ್ನೇ ಕೊಡೋಣ ಎಂದು ಯಾರಾದರೂ ಹೇಳಿದರೆ ಹಲವರು ಹಿಂಜರಿಯುತ್ತಾರೆ. ಹೆಂಗಸರ ಕೈಗೆ ಹಣ ಬಂದರೆ ದುಂದಾಗುತ್ತದೆ, ಗಂಡ ಕಿತ್ತುಕೊಳ್ಳುತ್ತಾನೆ, ಯಜಮಾನನಿದ್ದೂ ಹೆಂಡತಿಗೆ ಕೊಡುವುದು ನಮ್ಮ ಪದ್ಧತಿಯಲ್ಲ ಎನ್ನುತ್ತಾರೆ. ಕಳೆದ ಜುಮಾ ಖುತ್ಬಾದಲ್ಲಿ ನಾವು ನಿರಾಶ್ರಿತರ ಹಕ್ಕುಗಳ ವಿಷಯವನ್ನು ಎತ್ತಿಕೊಂಡಿದ್ದೆವು. ನಮಾಝಿನ ಬಳಿಕ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಮಾತಿನ ಸುತ್ತ ಇದ್ದವು. ಇದು ಹೊಸ ಪ್ರಶ್ನೆಯಲ್ಲ. ಹದಿನಾಲ್ಕು ಶತಮಾನಗಳ ಹಿಂದೆಯೇ ಮದೀನಾದಲ್ಲಿ ಎದ್ದ ಪ್ರಶ್ನೆ. ನಮ್ಮ ಕಾಲದಲ್ಲಿ ಸಿರಿಯಾದ ನಿರಾಶ್ರಿತ ತಾಯಂದಿರ ನಡುವೆ ಅದು ಮತ್ತೆ ಎದ್ದಿತು. ಆದ್ದರಿಂದ ಖುತ್ಬಾದ ಸಾರಾಂಶವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಹೆಸರು ಅವಳದು, ಕೈಯೂ ಅವಳದೇ

ಇಸ್ಲಾಮಿನ ಮೊದಲ ಸಮಾಜವೇ ನಿರಾಶ್ರಿತರ ಸಮಾಜ. ಮಕ್ಕಾದ ಹಿಂಸೆ ತಾಳಲಾರದೆ ಕೆಲವರು ಅಬಿಸೀನಿಯಕ್ಕೆ ಹೋದರು, ಉಳಿದವರು ಮದೀನಾಕ್ಕೆ ಬಂದರು. ಅವರಲ್ಲಿ ತಾಯಂದಿರೂ ಇದ್ದರು. ಅಸ್ಮಾ ಬಿನ್ತ್ ಉಮೈಸ್(ರ) ಪತಿ ಜಅಫರ್ ಬಿನ್ ಅಬೀತಾಲಿಬ್(ರ)ರ ಜೊತೆ ಅಬಿಸೀನಿಯಕ್ಕೆ ಹಿಜ್ರತ್ ಮಾಡಿದವರು. ಪರದೇಶದಲ್ಲಿಯೇ ಹೆತ್ತರು, ಹಾಲೂಡಿಸಿದರು. ಹಿಜರಿ 7ರಲ್ಲಿ ಮದೀನಾಕ್ಕೆ ಬಂದರು. ಮರುವರ್ಷವೇ ಮುಅ್ತಾ ಯುದ್ಧದಲ್ಲಿ ಜಅಫರ್(ರ) ಹುತಾತ್ಮರಾದರು. ಮಕ್ಕಳೊಂದಿಗೆ ವಿಧವೆಯಾದ ಆ ತಾಯಿಯ ಮನೆಗೆ ಊಟ ಮಾಡಿ ಕಳುಹಿಸುವಂತೆ ಪ್ರವಾದಿ(ಸ) ಜನರಿಗೆ ಹೇಳಿದರು. ಮರಣದ ಮನೆಗೆ ನೆರೆಯವರು ಊಟ ಒಯ್ಯುವ ನಮ್ಮ ಪದ್ಧತಿಯ ಮೂಲ ಅದೇ ಘಟನೆ.

ಎರಡನೆಯ ಖಲೀಫ ಉಮರ್(ರ)ರ ಕಾಲದಲ್ಲಿ ಬೈತುಲ್ ಮಾಲ್‌ಗೆ ಅಪಾರ ಸಂಪತ್ತು ಬರತೊಡಗಿತು. ಯಾರಿಗೆ ಎಷ್ಟು ಎಂದು ಬರೆದಿಡಲು ಅವರು ದೀವಾನ್ ಎಂಬ ದಫ್ತರವನ್ನು ಸ್ಥಾಪಿಸಿದರು. ಅದು ಹಿಜರಿ 15ರಲ್ಲಿ ಎಂದು ಕೆಲವು ಇತಿಹಾಸಕಾರರೂ 20ರಲ್ಲಿ ಎಂದು ಇನ್ನು ಕೆಲವರೂ ಹೇಳುತ್ತಾರೆ. ಆ ದಫ್ತರದಲ್ಲಿ ಹಿಜ್ರತ್ ಮಾಡಿದ ಹೆಂಗಸರ ಹೆಸರುಗಳಿದ್ದವು. ಅಸ್ಮಾ ಬಿನ್ತ್ ಉಮೈಸ್(ರ)ರಿಗೆ ವರ್ಷಕ್ಕೆ 1,000 ದಿರ್‌ಹಮ್ ಎಂದು ಬಲಾದುರಿ ದಾಖಲಿಸುತ್ತಾರೆ. ಆ ಹೊತ್ತಿಗೆ ಅಸ್ಮಾ(ರ) ಅಲೀ(ರ)ರ ಪತ್ನಿಯಾಗಿದ್ದರು ಎಂಬುದನ್ನು ಓದುಗರು ಗಮನಿಸಬೇಕು. ಅಲೀ(ರ)ರಂತಹ ಪತಿ ಮನೆಯಲ್ಲಿದ್ದರೂ ಅವರ ಪಾಲು ಗಂಡನ ಲೆಕ್ಕಕ್ಕೆ ಸೇರಲಿಲ್ಲ. ಹೆಸರೂ ಅವರದು, ಹಣವೂ ಅವರದು.

ಇನ್ನೊಂದು ವರದಿಯಂತೂ ನಮ್ಮ ಪ್ರಶ್ನೆಗೆ ನೇರ ಉತ್ತರ. ಉಮರ್(ರ) ಖುಝಾಅ ಗೋತ್ರದವರ ದಫ್ತರವನ್ನು ಸ್ವತಃ ಹೊತ್ತು ಮದೀನಾದಿಂದ ಕುದೈದ್ ಎಂಬಲ್ಲಿಗೆ ಹೋಗುತ್ತಿದ್ದರು. ಮದುವೆಯಾದ ಹೆಂಗಸರಿರಲಿ, ಆಗದ ಹೆಣ್ಣುಮಕ್ಕಳಿರಲಿ, ಒಬ್ಬರೂ ಬಿಟ್ಟುಹೋಗದಂತೆ ಪ್ರತಿಯೊಬ್ಬರ ಕೈಗೇ ಕೊಡುತ್ತಿದ್ದರು. ಅಲ್ಲಿಂದ ಉಸ್ಫಾನ್‌ಗೆ ಹೋಗಿ ಹಾಗೆಯೇ ಮಾಡುತ್ತಿದ್ದರು. ಗೋತ್ರದ ಮುಖಂಡನನ್ನು ಕರೆಸಿ ಇದು ನಿಮ್ಮ ಹೆಂಗಸರದು ಎಂದು ಒಪ್ಪಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅರಬರ ರೂಢಿಯೂ ಅದನ್ನೇ ಬಯಸುತ್ತಿತ್ತು. ಖಲೀಫರು ಸುಲಭದ ದಾರಿ ಹಿಡಿಯಲಿಲ್ಲ.

ರಾತ್ರಿ ಅತ್ತ ಮಗು

ದೀವಾನ್‌ನ ಮೊದಲಿನ ನಿಯಮದಂತೆ ಮಗುವಿಗೆ ಭತ್ಯೆ ಸಿಗುತ್ತಿದ್ದುದು ಅದು ಎದೆಹಾಲು ಬಿಟ್ಟ ಮೇಲೆ. ಹಾಲು ಕುಡಿಯುವ ಕೂಸಿಗೆ ಬೇರೆ ಖರ್ಚಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಕಾಗದದ ಮೇಲೆ ತಪ್ಪು ಕಾಣದ ನಿಯಮ.

ಒಮ್ಮೆ ವರ್ತಕರ ತಂಡವೊಂದು ಮದೀನಾದ ಈದ್ ಮೈದಾನದಲ್ಲಿ ಬೀಡುಬಿಟ್ಟಿತು. ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ರಾತ್ರಿಯಿಡೀ ಅವರ ಕಾವಲಿಗೆ ನಿಂತರು. ಒಂದು ಮಗು ಅಳುತ್ತಿರುವುದು ಕೇಳಿಸಿತು. ಉಮರ್(ರ) ಹೋಗಿ ಮಗುವನ್ನು ನೋಡಿಕೋ ಎಂದು ತಾಯಿಗೆ ಹೇಳಿ ಬಂದರು. ಮತ್ತೆ ಅಳು ಕೇಳಿಸಿತು, ಮತ್ತೆ ಹೋದರು. ರಾತ್ರಿಯ ಕೊನೆಗೆ ಮೂರನೆಯ ಸಲ ಹೋದಾಗ ಎಂತಹ ತಾಯಿ ನೀನು ಎಂದು ಗದರಿದರು. ಎದುರಿಗಿರುವವರು ಖಲೀಫರೆಂದು ಅರಿಯದ ಆಕೆ ಬೇಸತ್ತು ಇದ್ದದ್ದನ್ನು ಹೇಳಿದಳು. ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಅದು ಒಪ್ಪುತ್ತಿಲ್ಲ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ ಎಂದಳು. ಮಗುವಿಗೆ ಇನ್ನೂ ಕೆಲವೇ ತಿಂಗಳು. ಕುರ್‌ಆನ್ ಹಾಲೂಡಿಸುವ ಪೂರ್ಣ ಅವಧಿ ಎಂದು ಹೇಳಿದ್ದು ಎರಡು ವರ್ಷ.

ಅಂದು ಫಜ್ರ್ ನಮಾಝಿನಲ್ಲಿ ಖಲೀಫರ ಅಳುವಿನಿಂದಾಗಿ ಅವರ ಪಠಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ ಎಂದು ವರದಿಗಾರರು ಹೇಳುತ್ತಾರೆ. ತನ್ನ ನಿಯಮದಿಂದ ಎಷ್ಟು ಕೂಸುಗಳು ಸತ್ತವೋ ಎಂದು ಅವರು ತಮ್ಮನ್ನೇ ದೂರಿಕೊಂಡರು. ಮಕ್ಕಳ ಹಾಲು ಬಿಡಿಸಲು ಅವಸರ ಮಾಡಬೇಡಿ, ಇಂದಿನಿಂದ ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಇದೆ ಎಂದು ಡಂಗುರ ಸಾರಿಸಿದರು. ಪ್ರಾಂತಗಳಿಗೂ ಹಾಗೆಯೇ ಬರೆದು ಕಳುಹಿಸಿದರು.

ಈ ಘಟನೆಯನ್ನು ಉಮರ್(ರ)ರ ದೇವಭಯಕ್ಕೆ ಉದಾಹರಣೆಯಾಗಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅದರಲ್ಲಿ ಆಡಳಿತದ ಪಾಠವೂ ಇದೆ. ಆ ತಾಯಿ ಕೆಟ್ಟವಳಲ್ಲ, ದುರಾಸೆಯವಳೂ ಅಲ್ಲ. ನೆರವಿನ ನಿಯಮವು ಒಂದು ಗೆರೆ ಎಳೆದಿತ್ತು. ಬಡತನ ಆಕೆಯನ್ನು ಆ ಗೆರೆ ದಾಟುವಂತೆ ದೂಡಿತು. ಗೆರೆ ದಾಟಲು ಆಕೆ ತನ್ನ ಮಗುವಿನ ಬಾಯಿಂದ ಹಾಲು ಕಿತ್ತಳು. ಖಲೀಫರು ತಾಯಂದಿರಿಗೆ ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಗೆರೆಯನ್ನೇ ಅಳಿಸಿದರು.

ಧಾನ್ಯವೋ ಹಣವೋ

ನೆರವು ವಸ್ತುವಿನಲ್ಲಿರಬೇಕೋ ಬೆಲೆಯಲ್ಲಿರಬೇಕೋ ಎಂಬ ಚರ್ಚೆಯೂ ಹಳೆಯದೇ. ಯಮನಿನಲ್ಲಿ ಝಕಾತ್ ಸಂಗ್ರಹಿಸಿದ ಮುಆದ್ ಬಿನ್ ಜಬಲ್(ರ) ಬಾರ್ಲಿ ಮತ್ತು ಜೋಳದ ಬದಲು ಬಟ್ಟೆ ಕೊಡಿ ಎಂದು ಅಲ್ಲಿನವರನ್ನು ಕೇಳಿದರು. ಕೊಡುವವರಿಗೆ ಅದು ಸುಲಭ, ಮದೀನಾದಲ್ಲಿ ಪಡೆಯುವವರಿಗೆ ಅದು ಹೆಚ್ಚು ಉಪಯುಕ್ತ ಎಂಬುದು ಅವರ ಕಾರಣ. ಹನಫಿ ವಿದ್ವಾಂಸರು ಇದನ್ನು ಆಧಾರವಾಗಿಟ್ಟುಕೊಂಡು ವಸ್ತುವಿನ ಬದಲು ಬೆಲೆ ಕೊಡಬಹುದು ಎಂದರು. ಶಾಫಿಈ ಮದ್‌ಹಬ್‌ನಲ್ಲಿ ಫಿತ್ರ್ ಝಕಾತ್ ಧಾನ್ಯವಾಗಿಯೇ ಹೋಗಬೇಕು. ನಮ್ಮ ಕರಾವಳಿಯ ಮನೆಗಳಲ್ಲಿ ಅಕ್ಕಿ ಅಳೆದು ಕೊಡುವುದು ಆ ಕಾರಣಕ್ಕೇ. ಎರಡೂ ಗೌರವಾನ್ವಿತ ಅಭಿಪ್ರಾಯಗಳು. ಆದರೆ ನಮ್ಮ ಉಳಿತಾಯದ ಮೇಲಿನ ಝಕಾತ್ ಮೊದಲೇ ಹಣ. ಅದನ್ನು ಅಕ್ಕಿ ಎಣ್ಣೆಯ ಕಿಟ್ ಆಗಿ ಮಾರ್ಪಡಿಸುತ್ತಿರುವವರು ನಾವು.

ಝಕಾತ್ ಪಡೆಯುವವನು ಅದರ ಪೂರ್ಣ ಒಡೆಯನಾಗಬೇಕು. ಇದನ್ನು ಹನಫಿ ಫಿಕ್ಹ್‌ನಲ್ಲಿ ತಮ್ಲೀಕ್ ಎನ್ನುತ್ತಾರೆ. ಪಡೆದುದನ್ನು ಏನು ಮಾಡಬೇಕೆಂಬುದು ಪಡೆದವರ ಆಯ್ಕೆ. ಕೊಟ್ಟವನ ಕೈ ಅಲ್ಲಿಗೆ ತೆರವಾಯಿತು.

ಚೀಟಿಯ ಕಥೆಯನ್ನೂ ಹೇಳಬೇಕು. ಮರ್ವಾನ್ ಬಿನ್ ಹಕಮ್ ಮದೀನಾದ ಅಧಿಪತಿಯಾಗಿದ್ದಾಗ ಕೆಂಪು ಸಮುದ್ರದ ಅಲ್ ಜಾರ್ ಬಂದರಿನ ಧಾನ್ಯಕ್ಕೆ ಜನರಿಗೆ ಚೀಟಿಗಳನ್ನು ಹಂಚಲಾಯಿತು. ಧಾನ್ಯ ಕೈಗೆ ಬರುವ ಮೊದಲೇ ಜನರು ಚೀಟಿಗಳನ್ನೇ ಮಾರತೊಡಗಿದರು. ಝೈದ್ ಬಿನ್ ಸಾಬಿತ್(ರ) ಮತ್ತು ಇನ್ನೊಬ್ಬ ಸಹಾಬಿ ಮರ್ವಾನ್‌ನ ಬಳಿ ಹೋಗಿ ಇದನ್ನು ಪ್ರತಿಭಟಿಸಿದರೆಂದು ಇಮಾಮ್ ಮಾಲಿಕ್ ಮುವತ್ತಾದಲ್ಲಿ ದಾಖಲಿಸಿದ್ದಾರೆ. ಕೈಗೆ ಬಾರದ ಧಾನ್ಯದ ವ್ಯಾಪಾರ ಸಲ್ಲದು ಎಂಬುದು ಅಲ್ಲಿಯ ಶರೀಅತ್ ವಿಧಿ. ಅದರ ಜೊತೆ ಒಂದು ಸಾಮಾನ್ಯ ಸತ್ಯವೂ ನಮಗೆ ಕಾಣುತ್ತದೆ. ಒಬ್ಬನಿಗೆ ಬೇಕಾದುದು ಬೇರೆ, ಸಿಕ್ಕಿದ್ದು ಬೇರೆ ಆದಾಗ ಅವನು ಸಿಕ್ಕಿದ್ದನ್ನು ಮಾರುತ್ತಾನೆ. ಲಾಭ ಕೊಂಡವನಿಗೆ ಹೋಗುತ್ತದೆ.

ಬಳೆ ಮಾರಿ ಬಂದವರು

ಈ ಪಾಠಗಳನ್ನು ಹಿಡಿದು ನಮ್ಮ ಕಾಲದ ಶಾಮ್ ನಾಡಿಗೆ ಬರೋಣ. 2011ರ ಮಾರ್ಚ್‌ನಲ್ಲಿ ಸಿರಿಯಾದ ದರಆ ನಗರದಲ್ಲಿ ಪ್ರತಿಭಟನೆಗಳು ಆರಂಭವಾಗಿ, ಮುಂದೆ ಯುದ್ಧವಾಗಿ, ಲಕ್ಷಾಂತರ ಕುಟುಂಬಗಳು ಜೋರ್ಡನ್, ಲೆಬನಾನ್ ಮತ್ತು ತುರ್ಕಿಗೆ ಓಡಿಬಂದವು. ಜೋರ್ಡನ್ನಿನ ಮರುಭೂಮಿಯಲ್ಲಿ ಝಾತರಿ ಶಿಬಿರ ತೆರೆದದ್ದು 2012ರ ಜುಲೈಯಲ್ಲಿ. ಮರುವರ್ಷವೇ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದರು. ಪುಟ್ಟ ಲೆಬನಾನ್‌ನಲ್ಲಿ 2014ರ ಏಪ್ರಿಲ್‌ಗೆ ನೋಂದಾಯಿತ ನಿರಾಶ್ರಿತರ ಸಂಖ್ಯೆ ಹತ್ತು ಲಕ್ಷ ದಾಟಿತು. ಅದೇ ವರ್ಷ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಪ್ರಕಟಿಸಿದ ವರದಿಯಂತೆ ಜೋರ್ಡನ್, ಲೆಬನಾನ್, ಇರಾಕ್ ಮತ್ತು ಈಜಿಪ್ಟ್‌ನಲ್ಲಿದ್ದ ಸಿರಿಯನ್ ನಿರಾಶ್ರಿತ ಕುಟುಂಬಗಳಲ್ಲಿ 1,45,000ಕ್ಕೂ ಹೆಚ್ಚು, ಅಂದರೆ ನಾಲ್ಕರಲ್ಲಿ ಒಂದು ಮನೆಯ ಭಾರ, ಒಬ್ಬಂಟಿ ಹೆಂಗಸಿನ ಮೇಲಿತ್ತು.

ಝಾತರಿಗೆ ಬಂದವರಲ್ಲಿ ಹೆಚ್ಚಿನವರು ದರಆ ಸುತ್ತಿನ ಹಳ್ಳಿಗಳವರು. ಅಲ್ಲಿಯ ರೂಢಿ ನಮ್ಮ ಹಳ್ಳಿಗಳವರಿಗೆ ಅಪರಿಚಿತವಲ್ಲ. ಗಂಡ ದುಡಿದು ತರಬೇಕು, ಹೊರಗಿನ ವ್ಯವಹಾರ ಅವನದು. ಹೆಂಗಸು ಮನೆ, ಮಕ್ಕಳು, ಹೊಲದ ಕೆಲಸ ನೋಡಿಕೊಳ್ಳಬೇಕು. ಅಪರಿಚಿತ ಗಂಡಸರ ನಡುವೆ ಸಾಲಿನಲ್ಲಿ ನಿಲ್ಲುವುದು ಐಬ್, ಅಂದರೆ ನಾಚಿಕೆಗೇಡು. ಆದರೆ ಹೆಂಗಸಿನದೇ ಆದ ಆಸ್ತಿಯೂ ಒಂದಿತ್ತು. ಅದು ಮಹ್ರ್‌ನ ಚಿನ್ನ. ಕಷ್ಟಕಾಲಕ್ಕೆಂದು ಕೈಯಲ್ಲಿ ಕುತ್ತಿಗೆಯಲ್ಲಿ ಇರುತ್ತಿದ್ದ ಚಿನ್ನ. ಓಡಿಬಂದ ಕುಟುಂಬಗಳು ಮೊದಲು ಮಾರಿದ್ದು ಅದನ್ನೇ. ಗಡಿ ದಾಟಿಸುವವನಿಗೆ, ಬಾಡಿಗೆಗೆ, ಔಷಧಿಗೆ ಬಳೆಗಳು ಒಂದೊಂದಾಗಿ ಹೋದವು.

ಆರಂಭದಲ್ಲಿ ಶಿಬಿರದಲ್ಲಿ ಸಿಗುತ್ತಿದ್ದುದು ಬೇಯಿಸಿದ ಊಟ ಮತ್ತು ಒಣ ಪಡಿತರ. ಮಗುವಿಗೆ ಔಷಧಿಯೋ ತರಕಾರಿಯೋ ಬೇಕಾದ ತಾಯಿ ಪಡಿತರದ ಬೇಳೆಯನ್ನು ಬಂದ ಬೆಲೆಗೆ ಮಾರುತ್ತಿದ್ದಳು. ಅಲ್ ಜಾರ್‌ನ ಚೀಟಿಯ ಕಥೆ ಮರುಕಳಿಸಿದ್ದು ಹೀಗೆ. 2013ರಲ್ಲಿ ಪಡಿತರದ ಜಾಗಕ್ಕೆ ಚೀಟಿಗಳು ಬಂದವು, ಅನಂತರ ಕಾರ್ಡುಗಳು. ಶಿಬಿರದ ಹೊರಗಿನ ಊರುಗಳಲ್ಲಿ ಬ್ಯಾಂಕಿನ ಎಟಿಎಂ ಕಣ್ಣಿನ ಪಾಪೆಯನ್ನು ಗುರುತಿಸಿ ಹಣ ಕೊಡುವ ವ್ಯವಸ್ಥೆಯೂ ಬಂತು. ಕಾರ್ಡೂ ಬೇಡ, ಗುಪ್ತ ಸಂಖ್ಯೆಯೂ ಬೇಡ. ನೋಂದಾಯಿಸಿಕೊಂಡ ಹೆಂಗಸಿನ ಪರವಾಗಿ ಅಣ್ಣನೋ ಮೈದುನನೋ ಕಾರ್ಡು ಒಯ್ದು ಹಣ ತೆಗೆಯುವಂತಿಲ್ಲ, ಆಕೆಯ ಕಣ್ಣೇ ಬೇಕು. ಕುದೈದ್‌ನಲ್ಲಿ ಉಮರ್(ರ) ದಫ್ತರ ಹೊತ್ತು ಹೋಗಿ ಮಾಡಿದ ಕೆಲಸವನ್ನು ಇಲ್ಲಿ ಯಂತ್ರ ಮಾಡಿತು.

ಗಂಡನ ಮರ್ಯಾದೆ, ಹೆಂಡತಿಯ ಹಣ

ಇದರಿಂದ ಮನೆಯಲ್ಲಿ ಜಗಳ ಹೆಚ್ಚಲಿಲ್ಲವೇ? ಈ ಭಯ ನ್ಯಾಯವಾದದ್ದೇ. ಬಹಳ ಕಾಲ ಸಿರಿಯನ್ ಗಂಡಸರಿಗೆ ಜೋರ್ಡನ್‌ನಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡುವ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು. 2016ರ ಲಂಡನ್ ಸಮ್ಮೇಳನದ ಬಳಿಕವೇ ಕೆಲಸದ ಪರವಾನಗಿಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. ದುಡಿದು ಸಾಕಬೇಕಾದವನು ಗುಡಾರದಲ್ಲಿ ಸುಮ್ಮನೆ ಕೂತಿರುವಾಗ ಹೆಂಡತಿಯ ಹೆಸರಿಗೆ ಹಣ ಬಂದರೆ ಅವನ ಮನಸ್ಸಿಗೆ ನೋವಾಗುವುದು ಸಹಜ.

2013ರ ನವೆಂಬರ್‌ನಿಂದ 2014ರ ಏಪ್ರಿಲ್‌ವರೆಗೆ ಲೆಬನಾನ್‌ನ ಬೆಟ್ಟದೂರುಗಳಲ್ಲಿದ್ದ ನಿರಾಶ್ರಿತ ಕುಟುಂಬಗಳಿಗೆ ಚಳಿಗಾಲದ ನೆರವಾಗಿ ಒಟ್ಟು ಸುಮಾರು 575 ಡಾಲರ್ ನಗದು ಕೊಡಲಾಯಿತು. ಸಮುದ್ರಮಟ್ಟದಿಂದ 500 ಮೀಟರಿಗಿಂತ ಮೇಲಿದ್ದವರಿಗೆ ಸಿಕ್ಕಿತು, ಕೆಳಗಿದ್ದವರಿಗೆ ಇಲ್ಲ. ಅಂತರರಾಷ್ಟ್ರೀಯ ಪರಿಹಾರ ಸಮಿತಿಯು ಈ ಗೆರೆಯ ಆಚೆ ಈಚೆ ಇದ್ದ ಮನೆಗಳನ್ನು ಹೋಲಿಸಿ ನೋಡಿತು. ಹಣ ಸಿಕ್ಕ ಮನೆಗಳಲ್ಲಿ ಮಕ್ಕಳು ಶಾಲೆಗೆ ಹೋಗುವುದು ಹೆಚ್ಚಿತ್ತು, ಮಕ್ಕಳನ್ನು ದುಡಿಮೆಗೆ ಕಳುಹಿಸುವುದು ಕಡಿಮೆಯಾಗಿತ್ತು, ಮನೆಯೊಳಗಿನ ಜಗಳಗಳೂ ಇಳಿದಿದ್ದವು. ಹಣ ದುರ್ವ್ಯಸನಕ್ಕೆ ಹೋಯಿತು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಚಳಿಗೆಂದು ಕೊಟ್ಟ ಹಣದಲ್ಲಿ ಹೆಚ್ಚಿನದು ಆಹಾರಕ್ಕೂ ನೀರಿಗೂ ಹೋಗಿತ್ತು. ಕೊಟ್ಟವರಿಗೆ ಇದು ನಿರಾಶೆ ತಂದಿರಬಹುದು. ಆದರೆ ಹಸಿದ ಮಕ್ಕಳಿಗೆ ಮೊದಲು ಅನ್ನ, ಆಮೇಲೆ ಕಂಬಳಿ ಎಂಬುದು ತಾಯಿಯ ಲೆಕ್ಕ.

ರೂಢಿಗೂ ಶರೀಅತ್‌ಗೂ ಇರುವ ವ್ಯತ್ಯಾಸವನ್ನು ನಾವು ಮರೆಯಬಾರದು. ಹೆಂಡತಿ ಮಕ್ಕಳನ್ನು ಸಾಕುವ ಹೊಣೆ ಗಂಡನ ಮೇಲಿದೆ, ನಿಜ. ಅದರಿಂದ ಹೆಂಡತಿಯ ಹಣ ಗಂಡನದಾಗುವುದಿಲ್ಲ. ಇಬ್ನ್ ಮಸ್‌ಊದ್(ರ)ರ ಪತ್ನಿ ಝೈನಬ್(ರ)ರ ಬಳಿ ಸ್ವಂತ ಹಣವಿತ್ತು, ಪತಿ ಬಡವರಾಗಿದ್ದರು. ಪತಿಗೂ ತನ್ನ ಆಶ್ರಯದಲ್ಲಿದ್ದ ಅನಾಥ ಮಕ್ಕಳಿಗೂ ಖರ್ಚು ಮಾಡಿದರೆ ಸದಕವಾಗುತ್ತದೆಯೇ ಎಂದು ಅವರು ಕೇಳಿಸಿದಾಗ ಎರಡು ಪುಣ್ಯವಿದೆ ಎಂದು ಪ್ರವಾದಿ(ಸ) ತಿಳಿಸಿದರು. ಹಣ ಗಂಡನದೇ ಆಗಿದ್ದರೆ ಅದು ಸದಕವಾಗುವುದಾದರೂ ಹೇಗೆ? ಇನ್ನೊಂದೆಡೆ, ಪತಿ ಸಾಕಷ್ಟು ಕೊಡುವುದಿಲ್ಲ ಎಂದು ದೂರಿದ ಹಿಂದ್ ಬಿನ್ತ್ ಉತ್ಬಾ(ರ)ರಿಗೆ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ಮಅ್‌ರೂಫ್ ಪ್ರಕಾರ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿ ಕೊಟ್ಟರು. ಮಅ್‌ರೂಫ್ ಎಂದರೆ ಜನ ಒಳ್ಳೆಯದೆಂದು ಒಪ್ಪಿದ ರೀತಿ. ಇದ್ದ ರೂಢಿಯೆಲ್ಲ ಮಅ್‌ರೂಫ್ ಅಲ್ಲ. ತಾಯಿಗೂ ಮಗುವಿಗೂ ಸಾಕಾಗುತ್ತದೆಯೇ ಎಂಬುದೇ ಅಳತೆಗೋಲು.

ಗೆರೆಗಳು ಮತ್ತೆ ಬಂದವು

ಉಮರ್(ರ) ಅಳಿಸಿದಂತಹ ಗೆರೆಗಳು ನಮ್ಮ ಕಾಲದಲ್ಲೂ ಬಂದವು. ತುರ್ಕಿಯಲ್ಲಿ 2016ರ ಕೊನೆಯಲ್ಲಿ ಯುರೋಪ್ ಒಕ್ಕೂಟದ ಹಣದಿಂದ ನಿರಾಶ್ರಿತರಿಗೆ ಕಿಝಿಲಾಯ್ ಕಾರ್ಡ್ ಮೂಲಕ ತಿಂಗಳಿಗೆ ತಲಾ 100 ಲೀರಾ, ಮುಂದೆ 120 ಲೀರಾ ಕೊಡುವ ಯೋಜನೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಜನರನ್ನು ಅದು ತಲುಪಿತು. ಆದರೆ ಎಲ್ಲರಿಗೂ ಸಿಗಲಿಲ್ಲ. ದುಡಿಯಬಲ್ಲವರಿಗಿಂತ ಅವಲಂಬಿತರು ಎಷ್ಟು ಪಟ್ಟು ಹೆಚ್ಚಿದ್ದಾರೆ ಎಂಬ ಲೆಕ್ಕವಿತ್ತು. ಮೊದಲಿನ ನಿಯಮದಲ್ಲಿ ತಂದೆ, ತಾಯಿ ಮತ್ತು ಮೂವರು ಮಕ್ಕಳ ಮನೆ ಗೆರೆಯ ಆಚೆ ಉಳಿಯುತ್ತಿತ್ತು. 2017ರಲ್ಲಿ ಆ ಲೆಕ್ಕವನ್ನು ಸಡಿಲಿಸಿ ಅವರನ್ನೂ ಸೇರಿಸಲಾಯಿತು. ಹಾಗಿದ್ದೂ ಎಲ್ಲೋ ಒಂದು ಗೆರೆ ಉಳಿಯುತ್ತದೆ. ಮಗ ಹದಿನೆಂಟು ದಾಟಿದ ತಿಂಗಳು ಅವನು ಅವಲಂಬಿತನಲ್ಲ, ದುಡಿಯಬಲ್ಲವನು. ಅವನಿಗೆ ಕೆಲಸ ಸಿಕ್ಕಿತೇ ಎಂದು ಲೆಕ್ಕ ಕೇಳುವುದಿಲ್ಲ.

ಅದೇ ತುರ್ಕಿಯಲ್ಲಿ ಗೆರೆಯನ್ನು ಒಳಿತಿಗೆ ಬಳಸಿದ ಉದಾಹರಣೆಯೂ ಇದೆ. 2017ರಿಂದ ನಿರಾಶ್ರಿತ ಮಕ್ಕಳಿಗೂ ವಿಸ್ತರಿಸಿದ ಶಾಲಾ ಭತ್ಯೆಯಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಸ್ವಲ್ಪ ಹೆಚ್ಚು ಹಣವಿತ್ತು. ಹೆಣ್ಣುಮಗುವಿಗೆ ಓದು ಯಾಕೆ ಎಂಬ ರೂಢಿಗೆ ಉಪದೇಶವಿಲ್ಲದೆ ಕೊಟ್ಟ ಉತ್ತರವಿದು.

ಇದೆಲ್ಲಕ್ಕಿಂತ ಕ್ರೂರವಾದುದು ನೆರವು ಹಠಾತ್ತನೆ ನಿಲ್ಲುವುದು. 2014ರ ಡಿಸೆಂಬರ್‌ನಲ್ಲಿ ಹಣವಿಲ್ಲದೆ ವಿಶ್ವ ಆಹಾರ ಕಾರ್ಯಕ್ರಮವು 17 ಲಕ್ಷ ಸಿರಿಯನ್ ನಿರಾಶ್ರಿತರ ಆಹಾರ ಚೀಟಿಗಳನ್ನು ನಿಲ್ಲಿಸಬೇಕಾಯಿತು. ದಾನಿಗಳ ಮುಂದೆ ಮೊರೆಯಿಟ್ಟ ಬಳಿಕ ಮತ್ತೆ ಶುರುವಾಯಿತು. 2015ರ ಸೆಪ್ಟೆಂಬರ್‌ನಲ್ಲಿ ಜೋರ್ಡನ್ನಿನ ಊರುಗಳಲ್ಲಿದ್ದ 2,29,000 ಮಂದಿಯ ಆಹಾರ ನೆರವು ನಿಂತಿತು. ಇಂತಹ ತಿಂಗಳಲ್ಲಿ ತಾಯಿಯ ಮುಂದೆ ಉಳಿಯುವ ದಾರಿಗಳು ನಮಗೆ ಗೊತ್ತಿರುವವೇ: ಸಾಲ, ಒಂದು ಹೊತ್ತಿನ ಊಟ ಬಿಡುವುದು, ಮಗನನ್ನು ಕೆಲಸಕ್ಕೆ ಕಳುಹಿಸುವುದು, ಮಗಳನ್ನು ಬೇಗ ಮದುವೆ ಮಾಡುವುದು.

ಈ ಕೊನೆಯದರ ಬಗ್ಗೆ ನಿಕಾಹ್ ನಡೆಸುವವರಾದ ನಾವು ಮೌನವಾಗಿರುವಂತಿಲ್ಲ. ಜೋರ್ಡನ್‌ನಲ್ಲಿ ನೋಂದಣಿಯಾದ ಸಿರಿಯನ್ನರ ಮದುವೆಗಳಲ್ಲಿ ಹದಿನೆಂಟು ತುಂಬದ ಹುಡುಗಿಯರ ಮದುವೆಗಳು 2013ರಲ್ಲಿ ಶೇಕಡಾ 25 ಇದ್ದವು, 2014ರ ಮೊದಲ ಮೂರು ತಿಂಗಳಲ್ಲಿ ಶೇಕಡಾ 31.7ಕ್ಕೆ ಏರಿದವು ಎಂದು ಯುನಿಸೆಫ್ ವರದಿ ಮಾಡಿತು. ತಾಯಂದಿರು ಹೇಳುತ್ತಿದ್ದ ಪದ ಸುತ್ರ, ಅಂದರೆ ಮರೆ, ರಕ್ಷಣೆ. ಗುಡಾರದ ಬಾಗಿಲಿಗೆ ಚಿಲಕವಿಲ್ಲ, ಮಗಳಿಗೆ ಗಂಡನಾದರೂ ಇರಲಿ ಎಂಬ ಭಯ ಅದರಲ್ಲಿತ್ತು. ಹಸಿವಿಗೆ ಹಣ ಮದ್ದು, ಭಯಕ್ಕೆ ಹಣ ಮಾತ್ರ ಮದ್ದಲ್ಲ. ಶಾಲೆ, ಬೆಳಕು, ಚಿಲಕವಿರುವ ಬಾಗಿಲೂ ಬೇಕು.

ಇನ್ನೊಂದು ರೂಢಿಯೂ ತಾಯಂದಿರನ್ನು ಕಾಡಿತು. ಸಿರಿಯಾದ ಹಳ್ಳಿಗಳಲ್ಲಿ ಶೈಖ್ ಒಬ್ಬರು ಮನೆಯಲ್ಲೇ ನಿಕಾಹ್ ಮಾಡಿಸುತ್ತಿದ್ದರು, ನ್ಯಾಯಾಲಯದ ನೋಂದಣಿ ಆಮೇಲೆ ಯಾವಾಗಲೋ ಆಗುತ್ತಿತ್ತು. ಪರದೇಶದಲ್ಲಿ ಇದು ಕುಣಿಕೆಯಾಯಿತು. ಮದುವೆಯ ಪತ್ರವಿಲ್ಲದಿದ್ದರೆ ಮಗುವಿನ ಜನನ ಪತ್ರವಿಲ್ಲ, ಜನನ ಪತ್ರವಿಲ್ಲದಿದ್ದರೆ ದಾಖಲೆಗಳಲ್ಲಿ ಮಗುವೇ ಇಲ್ಲ. 2014ರಲ್ಲಿ ಜೋರ್ಡನ್ ಸರ್ಕಾರ ಝಾತರಿಯಲ್ಲೇ ಶರೀಅತ್ ನ್ಯಾಯಾಲಯದ ಕಚೇರಿ ತೆರೆದ ಮೇಲೆ ಇದಕ್ಕೆ ದಾರಿಯಾಯಿತು. ನಿಕಾಹ್‌ನ ದಫ್ತರದಲ್ಲಿ ಹೆಸರು ಬರೆಸುವುದು ಹೆಣ್ಣಿನ ಮತ್ತು ಮಗುವಿನ ಅನ್ನದ ಪ್ರಶ್ನೆಯೂ ಹೌದು.

ನಮ್ಮ ಪಾಲಿನ ಕೆಲಸ

ಈ ಇತಿಹಾಸದಿಂದ ನಾವು ಎರಡು ಪ್ರಶ್ನೆಗಳನ್ನು ಕಲಿಯುತ್ತೇವೆ. ನೆರವು ಯಾರ ಕೈ ಸೇರುತ್ತದೆ? ನಮ್ಮ ನಿಯಮ ಆ ತಾಯಿಯಿಂದ ಏನು ಮಾಡಿಸುತ್ತದೆ? ಮೊದಲನೆಯದಕ್ಕೆ ಉತ್ತರ ಕುದೈದ್‌ನಲ್ಲಿದೆ, ಎರಡನೆಯದಕ್ಕೆ ಈದ್ ಮೈದಾನದ ಆ ರಾತ್ರಿಯಲ್ಲಿದೆ.

ದೂರದ ನಿರಾಶ್ರಿತರಿಗೆ ಝಕಾತ್ ತಲುಪಿಸಬೇಕೆನ್ನುವವರು ಕಾನೂನಿನ ಒಳಗಿರುವ ದಾರಿಯನ್ನು ಮಾತ್ರ ಹಿಡಿಯಲಿ, ತಮ್ಮ ಊರಿನ ಉಲಮಾಗಳಲ್ಲಿ ವಿಚಾರಿಸಲಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2019ರಲ್ಲಿ ಝಕಾತ್‌ಗೆಂದೇ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿದ್ದು ವಿದ್ವಾಂಸರ ಫತ್ವಾಗಳ ಆಧಾರದಲ್ಲಿ. ಮುಸ್ಲಿಮ್ ಲೋಕದ ಝಕಾತ್‌ಗೆ ಜಗತ್ತು ಕೊಟ್ಟ ಮನ್ನಣೆ ಅದು.

ಊರೊಳಗಿನ ಮಾತಿಗೆ ಬಂದರೆ, ಈ ರಂಝಾನ್‌ನಲ್ಲಿ ಜಮಾಅತ್ ಕಮಿಟಿಗಳು ಪಟ್ಟಿ ಬರೆಯುವಾಗ ವಿಧವೆಯರ, ಗಂಡ ಬಿಟ್ಟುಹೋದವರ, ರೋಗಿ ಗಂಡನನ್ನು ನೋಡಿಕೊಳ್ಳುವವರ ಹೆಸರನ್ನು ಅವರ ಹೆಸರಿನಲ್ಲೇ ಬರೆಯಲಿ. ಅಣ್ಣನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಬೇಡ. ಅವರಿಗೆ ಅಕ್ಕಿ ಬೇಕೋ, ಮಗಳ ಶಾಲೆಯ ಫೀಸು ಕಟ್ಟಬೇಕೋ ಎಂದು ಒಂದು ಮಾತು ಕೇಳಲಿ. ಹಣ ಕೊಟ್ಟರೆ ಲಕೋಟೆಯಲ್ಲಿ ಹಾಕಿ ಅವರ ಕೈಗೇ ಕೊಡಲಿ, ಫೋಟೊ ತೆಗೆಯದಿರಲಿ, ಆಮೇಲೆ ಲೆಕ್ಕ ಕೇಳದಿರಲಿ. ಈ ವರ್ಷ ಕೊಟ್ಟದ್ದನ್ನು ಮುಂದಿನ ವರ್ಷ ನಿಲ್ಲಿಸಬೇಕಾಗಿ ಬಂದರೆ ಮೊದಲೇ ತಿಳಿಸಲಿ. ಯಾವುದಾದರೂ ತಾಯಿಯ ನಡತೆ ನಮಗೆ ವಿಚಿತ್ರವೆನಿಸಿದರೆ, ಆಕೆಯನ್ನು ಗದರುವ ಮೊದಲು ನಮ್ಮ ಪಟ್ಟಿಯ ನಿಯಮವನ್ನು ಇನ್ನೊಮ್ಮೆ ಓದೋಣ.

ಮನೆ ಕಳೆದುಕೊಂಡ ಎಲ್ಲ ತಾಯಂದಿರಿಗೆ ಅಲ್ಲಾಹನು ನೆಲೆ ಕೊಡಲಿ, ಅವರ ಮಕ್ಕಳ ಹಸಿವನ್ನು ನೀಗಿಸಲಿ, ಪಡೆಯುವವರ ಮಾನವನ್ನು ಕಾಯುವ ಕೈಗಳನ್ನು ನಮಗೆ ಕೊಡಲಿ. ಆಮೀನ್.